ಮಗುವಿನ ಎತ್ತರ: ಅಳೆಯುವ ಬಗೆ, ಅರಿಯುವ ಬಗೆ

ಆರೋಗ್ಯವಂತ ಮಗುವಿನ ಬೆಳವಣಿಗೆಯನ್ನು ಒಂದು ದಿನದ ಎತ್ತರದಿಂದ ನಿರ್ಣಯಿಸಲಾಗದು. ವರ್ಷವೊಂದರಲ್ಲಿ ಅದು ಎಷ್ಟು ಬೆಳೆಯಿತು ಎಂಬುದೇ ಮುಖ್ಯ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಬೆಳವಣಿಗೆಯ ಹಾರ್ಮೋನು ಯಕೃತ್ತನ್ನು ತಲುಪಿ, ಇನ್ಸುಲಿನ್ ರಚನೆಯನ್ನು ಹೋಲುವ ಐಜಿಎಫ್-1 ಎಂಬ ಪ್ರೋಟೀನಿನ ಉತ್ಪತ್ತಿಯನ್ನು ಪ್ರಚೋದಿಸುತ್ತದೆ. ಇವೆರಡರ ಪ್ರಭಾವದಿಂದ ಉದ್ದ ಮೂಳೆಗಳ ತುದಿಯ ಬಳಿಯಿರುವ ಮೃದ್ವಸ್ಥಿಯ ತೆಳುಪದರ, ಅಂದರೆ ಬೆಳವಣಿಗೆಯ ಫಲಕವು ಹೊಸ ಕೋಶಗಳನ್ನು ಕೂಡಿಸಿಕೊಳ್ಳುತ್ತ, ಅವು ಕ್ರಮೇಣ ಮೂಳೆಯಾಗಿ ಮಾರ್ಪಡುತ್ತವೆ. ಹಳೆಯ ಮೂಳೆಯನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಈ ನಿರಂತರ ಕ್ರಿಯೆಗೆ ಮೂಳೆಯ ಚಯಾಪಚಯವೆಂದು ಹೆಸರು. ಬೆಳೆಯುವ ಮಕ್ಕಳಲ್ಲಿ ಕಟ್ಟುವ ಕೆಲಸದ್ದೇ ಮೇಲುಗೈ.

ಪಾಲಕರು ಮೊದಲು ಮಾಡಬೇಕಾದದ್ದು ಸರಿಯಾದ ಅಳತೆ. ಮಗುವನ್ನು ಬರಿಗಾಲಿನಲ್ಲಿ, ಜಡೆ ತುರುಬುಗಳನ್ನು ಬಿಚ್ಚಿಸಿ, ಹಿಮ್ಮಡಿ, ಪೃಷ್ಠ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ದೃಷ್ಟಿ ನೇರ ಮುಂದಕ್ಕಿರುವಾಗ ನೆತ್ತಿಯ ಮೇಲೆ ಗೋಡೆಗೆ ಲಂಬವಾಗಿ ಗಟ್ಟಿ ರಟ್ಟಿನ ಪುಸ್ತಕವನ್ನಿಟ್ಟು ಗುರುತು ಹಾಕಬೇಕು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳು ದಿನವಿಡೀ ಒತ್ತಡಕ್ಕೆ ಸಿಲುಕುವುದರಿಂದ ಸಂಜೆಯ ವೇಳೆಗೆ ಎತ್ತರ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಬೆಳಿಗ್ಗೆಯೇ ಅಳೆಯುವುದು ಲೇಸು. ಆರು ತಿಂಗಳಿಗೊಮ್ಮೆ ಅಳೆದು ದಿನಾಂಕದೊಡನೆ ಬರೆದಿಟ್ಟರೆ ಸಾಕು, ತಿಂಗಳು ತಿಂಗಳೂ ಅಳೆದರೆ ಸಿಗುವುದು ಆತಂಕವೇ ಹೊರತು ಮಾಹಿತಿಯಲ್ಲ.

ಮುಂದಿನ ಹೆಜ್ಜೆ ಈ ಅಂಕಿಗಳನ್ನು ವಯಸ್ಸಿನೊಡನೆ ಹೋಲಿಸುವುದು. ಮೊದಲ ವರ್ಷ ಸುಮಾರು 25 ಸೆಂ.ಮೀ. ಬೆಳೆಯುವ ಮಗು, ನಾಲ್ಕು ವರ್ಷದ ನಂತರ ಹರೆಯದವರೆಗೆ ವರ್ಷಕ್ಕೆ 5ರಿಂದ 6 ಸೆಂ.ಮೀ.ನಷ್ಟು ಬೆಳೆಯುತ್ತದೆ, ಹರೆಯದಲ್ಲಿ ಲೈಂಗಿಕ ಹಾರ್ಮೋನುಗಳು ಜೊತೆಗೂಡಿದಾಗ ವೇಗ ಮತ್ತೆ ಏರುತ್ತದೆ. ಕೊನೆಗೆ ಬೆಳವಣಿಗೆಯ ಫಲಕವನ್ನು ಮುಚ್ಚಿಸುವುದು, ಹುಡುಗರಲ್ಲಿಯೂ, ಈಸ್ಟ್ರೋಜನ್ ಎಂಬುದು ಗಮನಾರ್ಹ. ತಂದೆ ತಾಯಿಯರ ಎತ್ತರದ ಸರಾಸರಿಗೆ ಹುಡುಗನಾದರೆ 6.5 ಸೆಂ.ಮೀ. ಕೂಡಿಸಿ, ಹುಡುಗಿಯಾದರೆ ಅಷ್ಟನ್ನೇ ಕಳೆದರೆ ಮಗುವಿನಿಂದ ನಿರೀಕ್ಷಿಸಬಹುದಾದ ಎತ್ತರದ ಅಂದಾಜು ದೊರೆಯುತ್ತದೆ. ನೆರೆಮನೆಯ ಮಗುವಿನೊಡನೆ ಹೋಲಿಸುವುದಕ್ಕಿಂತ ಈ ಲೆಕ್ಕ ಎಷ್ಟೋ ನ್ಯಾಯವಾದದ್ದು.

ಮೂಳೆಗೆ ಉದ್ದದಷ್ಟೇ ಗಟ್ಟಿತನವೂ ಬೇಕು. ಹರೆಯದಲ್ಲಿ ಎತ್ತರ ಮೊದಲು ಜಿಗಿದು, ಖನಿಜ ತುಂಬಿಕೊಳ್ಳುವ ಕೆಲಸ ಕೆಲವು ತಿಂಗಳು ಹಿಂದೆ ಬೀಳುವುದರಿಂದಲೇ ಆ ವಯಸ್ಸಿನಲ್ಲಿ ಆಟದಲ್ಲಿ ಬಿದ್ದಾಗ ಮುಂಗೈ ಮೂಳೆ ಮುರಿಯುವುದು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 10ರಿಂದ 12 ವರ್ಷದವರಿಗೆ ದಿನಕ್ಕೆ 850 ಮಿ.ಗ್ರಾಂ. ಕ್ಯಾಲ್ಸಿಯಂ ಅಗತ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ., ಒಂದು ಲೋಟ ಹಾಲಿನಲ್ಲಿ 240 ಮಿ.ಗ್ರಾಂ.ನಷ್ಟು ಇರುವುದರಿಂದ ಮುದ್ದೆ, ಹಾಲು, ಮೊಸರು, ಸೊಪ್ಪುಗಳಿಂದಲೇ ಬಹುಪಾಲು ತುಂಬುತ್ತದೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುತ್ತದೆ. ಮೊಳಕೆ ಬರಿಸಿದರೆ ಈ ತಡೆ ತಗ್ಗುತ್ತದೆ. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವ, ಓಟ ಜಿಗಿತದ ಆಟಗಳು, ಸಾಕಷ್ಟು ನಿದ್ರೆ ಇವೂ ಅನಿವಾರ್ಯ. ಬೆಳವಣಿಗೆಯ ಹಾರ್ಮೋನಿನ ಬಹುದೊಡ್ಡ ಅಲೆ ರಾತ್ರಿಯ ಮೊದಲ ಗಾಢನಿದ್ರೆಯಲ್ಲೇ ಏಳುತ್ತದೆ.

ಈ ಹಾರ್ಮೋನು ಅಲೆಅಲೆಯಾಗಿ ಸ್ರವಿಸುವ ಕಾರಣ, ಯಾವುದೋ ಒಂದು ಹೊತ್ತಿನಲ್ಲಿ ರಕ್ತ ತೆಗೆದು ಅದರ ಪ್ರಮಾಣ ನೋಡಿಸುವುದರಿಂದ ಕೊರತೆ ತಿಳಿಯದು. ಮಕ್ಕಳ ವರದಿಯಲ್ಲಿ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ವಯಸ್ಕರ ಮಿತಿಗಿಂತ ಹೆಚ್ಚಿರುವುದು ಮೂಳೆ ಕಟ್ಟುತ್ತಿರುವುದರ ಸಹಜ ಲಕ್ಷಣವಾಗಿರುವುದರಿಂದ, ಅದನ್ನು ವಯಸ್ಸಿಗೆ ತಕ್ಕ ಮಿತಿಯೊಡನೆ ಹೋಲಿಸಿ ನೋಡಬೇಕು.

ನಾಲ್ಕು ವರ್ಷದ ನಂತರ ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳವಣಿಗೆ ಕಂಡರೆ, ಕಾಲು ಬಾಗಿದ್ದರೆ ಅಥವಾ ಪದೇ ಪದೇ ಮೂಳೆ ಮುರಿದರೆ ಬರೆದಿಟ್ಟ ಅಳತೆಗಳೊಂದಿಗೆ ಮಕ್ಕಳ ತಜ್ಞರನ್ನು ಕಾಣಬೇಕು. ಎತ್ತರ ಹೆಚ್ಚಿಸುವುದಾಗಿ ಮಾರುವ ಪುಡಿಗಳಿಗೆ ಹಣ ಸುರಿಯುವುದು ವ್ಯರ್ಥ; ಸಹಜವಾಗಿ ಬೆಳೆಯುತ್ತಿರುವ ಮಗುವಿಗೆ ಹಾರ್ಮೋನ್ ಚುಚ್ಚುಮದ್ದಿನ ಅಗತ್ಯವಿಲ್ಲ.