ನೋಟಿನ ಮೇಲೆ ಬಂದ ಖೈದಿ

ಹೋದ ವಾರ ಫಿಲೆಮೋನನಿಗೆ ಬರೆದ ಪತ್ರಿಕೆ ಓದಿದ್ವಿ. ಓಡಿಹೋಗಿದ್ದ ದಾಸ ಒನೇಸಿಮನನ್ನ ಸಹೋದರನ ಹಾಗೆ ಸೇರಿಸಿಕೋ ಅಂತ ಪೌಲನು ಕೇಳ್ತಾನೆ. ಅವನನ್ನ ಊಟಕ್ಕೆ ಎಲ್ಲಿ ಕೂರಿಸಿದ್ರು? ಅದು ಬರೆದಿಲ್ಲ. ಆ ಪ್ರಶ್ನೆ ಇಟ್ಟುಕೊಂಡು ಇವತ್ತು ಒಬ್ಬ ಖೈದಿಯ ಜೀವನ ನೋಡೋಣ.

ಫ್ರಾನ್ಸಿಸ್ ಗ್ರೀನ್‌ವೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರ್ಕಿಟೆಕ್ಟ್. ದಿವಾಳಿಯಾದಾಗ ಒಂದು ಕರಾರು ಪತ್ರವನ್ನ ಫೋರ್ಜರಿ ಮಾಡಿದ. ಆ ಕಾಲದಲ್ಲಿ ಅದಕ್ಕೆ ಗಲ್ಲು! 1812ರಲ್ಲಿ ಮರಣದಂಡನೆ ಆಯ್ತು, ಆಮೇಲೆ ಅದನ್ನ 14 ವರ್ಷದ ಗಡೀಪಾರಿಗೆ ಇಳಿಸಿದ್ರು. 1813ರಲ್ಲಿ 'ಜನರಲ್ ಹೆವಿಟ್' ಹಡಗು 300 ಖೈದಿಗಳನ್ನ ತುಂಬಿಕೊಂಡು ಹೊರಟಿತು. 1814ರ ಫೆಬ್ರವರಿಯಲ್ಲಿ ಸಿಡ್ನಿ ಮುಟ್ಟುವಷ್ಟರಲ್ಲಿ 34 ಜನ ಸತ್ತಿದ್ದರು. ಹಡಗಿನಲ್ಲಿ ಗಾಳಿ, ಶುಚಿತ್ವ, ಒಳ್ಳೇ ವೈದ್ಯರು ಬೇಕೇ ಬೇಕು ಅಂತ ಗವರ್ನರ್‌ಗೆ ವರದಿ ಬರೆದವನು ಡಾಕ್ಟರ್ ವಿಲಿಯಂ ರೆಡ್‌ಫರ್ನ್. ಅವನೂ ಒಂದು ಕಾಲಕ್ಕೆ ಖೈದಿಯಾಗಿಯೇ ಬಂದವನು, ಗೊತ್ತಾ?

ಗವರ್ನರ್ ಮ್ಯಾಕ್ವಾರಿ 1816ರಲ್ಲಿ ಗ್ರೀನ್‌ವೇಯನ್ನ ಸರ್ಕಾರಿ ಆರ್ಕಿಟೆಕ್ಟ್ ಮಾಡಿದ. ಶಿಕ್ಷೆ ಇನ್ನೂ ಮುಗಿದಿರಲಿಲ್ಲ. ಸಮುದ್ರದ ಬಾಯಲ್ಲಿ ದೀಪಸ್ತಂಭ ಎದ್ದಿತು, ಷರತ್ತಿನ ಬಿಡುಗಡೆ ಸಿಕ್ಕಿತು. ಖೈದಿಗಳಿಗೆ ಹೈಡ್ ಪಾರ್ಕ್ ಬ್ಯಾರಕ್ಸ್ ಕಟ್ಟಿದ, 1819ರಲ್ಲಿ ಪೂರ್ತಿ ಕ್ಷಮೆ. ವಿಂಡ್ಸರ್‌ನಲ್ಲಿ ಸಂತ ಮತ್ತಾಯನ ಚರ್ಚನ್ನೂ ಅವನೇ ವಿನ್ಯಾಸ ಮಾಡಿದ.

ಈಗ ಗಮನಿಸಿ. ಆ ಚರ್ಚನ್ನ ಪ್ರತಿಷ್ಠೆ ಮಾಡಿದವರು ಪಾದ್ರಿ ಸ್ಯಾಮುವೆಲ್ ಮಾರ್ಸ್‌ಡನ್. 1810ರಲ್ಲಿ ರಸ್ತೆ ಸಮಿತಿಗೆ ಮ್ಯಾಕ್ವಾರಿ ಅವರನ್ನೂ, ಹಿಂದೆ ಖೈದಿಗಳಾಗಿದ್ದ ಸಿಮಿಯನ್ ಲಾರ್ಡ್, ಆಂಡ್ರ್ಯೂ ಥಾಂಪ್ಸನ್ ಅವರನ್ನೂ ಹಾಕಿದಾಗ, ಇವರ ಜೊತೆ ನಾನು ಕೂರಲ್ಲ ಅಂತ ನಿರಾಕರಿಸಿದ್ದು ಇದೇ ಪಾದ್ರಿ. ಬಟ್ಟೆ ಕದ್ದು ಗಡೀಪಾರಾದವರು ಅವರಿಬ್ಬರು. ಶಿಕ್ಷೆ ಎಂದೋ ಮುಗಿದಿತ್ತು. ನಗಬೇಡಿ, ನಾನೂ ಪಾದ್ರಿಯೇ.

ಗ್ರೀನ್‌ವೇ ಸಂತನೇನಲ್ಲ. ಜಂಬ, ಜಗಳ ಎರಡೂ ಇತ್ತು. 1822ರಲ್ಲಿ ಕೆಲಸ ಹೋಯ್ತು, 1837ರಲ್ಲಿ ಬಡವನಾಗಿ ಸತ್ತ. 1966ರಲ್ಲಿ ಆಸ್ಟ್ರೇಲಿಯಾ ತನ್ನ ಮೊದಲ ಹತ್ತು ಡಾಲರ್ ನೋಟಿನ ಮೇಲೆ ಅವನ ಮುಖ ಅಚ್ಚು ಹಾಕಿತು. ಫೋರ್ಜರಿ ಮಾಡಿದವನ ಮುಖ, ದುಡ್ಡಿನ ಮೇಲೆ!

ಎರಡು ವರ್ಷದ ಹಿಂದೆ ಜೈಲಿನಿಂದ ಬಂದ ಒಬ್ಬ ಸಹೋದರ ನಮ್ಮಲ್ಲಿ ಸಾಕ್ಷಿ ಹೇಳಿದಾಗ ಎಲ್ಲರೂ ಹಲ್ಲೆಲೂಯಾ ಅಂದ್ವಿ. ಆಮೇಲೆ ಒಂದಿನ ಅವನು, "ಪಾಸ್ಟರ್, ನಾನೂ ಕಾಣಿಕೆ ಎಣಿಸೋಕೆ ಕೂರ್ಲಾ?" ಅಂತ ಕೇಳಿದ. "ನೋಡೋಣ ಬ್ರದರ್" ಅಂದೆ. ನೋಡಲೇ ಇಲ್ಲ. ಅವನು ಸಭೆಗೆ ಬರೋದು ನಿಂತು ಏಳು ತಿಂಗಳಾಯ್ತು. ಅವನು ಎಲ್ಲಿ ಹೋದ ಅಂತ ನಿಮ್ಮಲ್ಲೂ ಯಾರೂ ನನ್ನನ್ನ ಕೇಳಲಿಲ್ಲ. ಶನಿವಾರ ಸಂಜೆ ನಾನು ಅವನ ಮನೆಗೆ ಹೋಗ್ತಿದ್ದೀನಿ. ಬೈಕ್‌ನಲ್ಲಿ ಹಿಂದೆ ಒಬ್ಬರಿಗೆ ಜಾಗ ಇದೆ.