ಮನೆಯಲ್ಲಿ ಆಮೆ: ದೇವರ ಕೋಣೆಗೋ, ಅಂಗಳಕ್ಕೋ?

ಪ್ರಶ್ನೆ: ನಮ್ಮ ಯಜಮಾನರ ವ್ಯಾಪಾರ ಎರಡು ವರ್ಷದಿಂದ ಅಷ್ಟಕ್ಕಷ್ಟೇ. ಪರಿಚಯದವರೊಬ್ಬರು, ಜೀವಂತ ಆಮೆ ಸಾಕಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆ ಎಂದು ಹೇಳಿ, ಬೆನ್ನ ಮೇಲೆ ನಕ್ಷತ್ರದಂಥ ಹಳದಿ ಗೆರೆಗಳಿರುವ ಪುಟ್ಟ ಆಮೆಯೊಂದನ್ನು ಕೊಡಿಸಿದರು. ದೇವರ ಕೋಣೆಯಲ್ಲಿ ತಾಮ್ರದ ಪರಾತಕ್ಕೆ ನೀರು ಹಾಕಿ ಅದರಲ್ಲಿಟ್ಟಿದ್ದೇವೆ. ಮೈಲಿಗೆ ಆಗುತ್ತೆ, ಹೊರಗಿಡಿ ಅಂತಾರೆ ನಮ್ಮ ಅತ್ತೆ. ಹೊರಗಿಟ್ಟರೆ ಲಕ್ಷ್ಮಿಯೂ ಹೊರಗೆ ಹೋಗ್ತಾಳೆ ಅಂತಾರೆ ಕೊಟ್ಟವರು. ಈಚೆಗೆ ಅದು ಏನೂ ತಿನ್ನುತ್ತಿಲ್ಲ. ಏನು ಮಾಡುವುದು?
— ಗೃಹಿಣಿ, ವಿನೋಬನಗರ, ಶಿವಮೊಗ್ಗ

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ತಂದ ನೀರಾಮೆ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವಂಥದ್ದು, ಈಗ ಅಂಗೈಗಿಂತ ದೊಡ್ಡದಾಗಿದೆ. ಗಾಜಿನ ತೊಟ್ಟಿ ಸಾಲುತ್ತಿಲ್ಲ. ಕೂಡ್ಲಿ ಸಂಗಮದಲ್ಲಿ ಪೂಜೆ ಮಾಡಿ ನೀರಿಗೆ ಬಿಟ್ಟರೆ ಪುಣ್ಯವಲ್ಲವೇ? ಅದರ ಬದಲು ಹಿತ್ತಾಳೆ ಆಮೆ ಇಡೋಣ ಎಂದಿದ್ದೇವೆ, ಯಾವ ದಿಕ್ಕಿಗೆ?
— ಓದುಗರು, ಭದ್ರಾವತಿ

ಉತ್ತರ: ಶಿವಮೊಗ್ಗದ ತಾಯಿಯವರಿಗೆ ಮೊದಲು ಹೇಳಬೇಕಾದದ್ದು ಶಾಸ್ತ್ರವಲ್ಲ, ಆಮೆಯ ಪ್ರಾಣದ ವಿಷಯ. ಈ ಸಾಲು ಓದಿದ ಕೂಡಲೇ ಅದನ್ನು ನೀರಿನಿಂದ ಎತ್ತಿ ಒಣಗಿದ ಜಾಗದಲ್ಲಿಡಿ. ನೀವು ಬರೆದಿರುವ ಗುರುತು ನೋಡಿದರೆ ಅದು ನಕ್ಷತ್ರ ಆಮೆ. ಅದು ಬಯಲುಸೀಮೆಯ ಕುರುಚಲು ಕಾಡಿನ, ಒಣ ನೆಲದ ಪ್ರಾಣಿ. ಅದಕ್ಕೆ ಈಜು ಬಾರದು. ನಮ್ಮ ಮಳೆಗಾಲದ ತಂಡಿಯೇ ಅದಕ್ಕೆ ಕಷ್ಟ, ಇನ್ನು ಹಗಲು ರಾತ್ರಿ ನೀರಿನಲ್ಲಿ ನಿಲ್ಲಿಸಿದರೆ ಶೀತ ಹಿಡಿದು ಉಸಿರಾಟದ ಕಾಯಿಲೆ ಬರುತ್ತದೆ. ತಿನ್ನದೇ ಇರುವುದು ಅದರ ಸೂಚನೆಯೂ ಇರಬಹುದು. ಸದ್ಯಕ್ಕೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಸ್ವಲ್ಪ ಎಳೆಬಿಸಿಲು, ಹುಲ್ಲು, ದಾಸವಾಳದ ಎಲೆ, ಕುಡಿಯಲು ಚಿಕ್ಕ ತಟ್ಟೆಯಲ್ಲಿ ನೀರು, ಇಷ್ಟು ಸಾಕು. ನೈವೇದ್ಯದ ಹಾಲು, ಅನ್ನ ಹಾಕಬೇಡಿ. ಚಿಪ್ಪಿಗೆ ಅರಿಶಿನ, ಕುಂಕುಮ, ಎಣ್ಣೆ ಹಚ್ಚುತ್ತಿದ್ದರೆ ನಿಲ್ಲಿಸಿ. ಚಿಪ್ಪು ಎಂದರೆ ಅದು ಹೊತ್ತ ಡಬ್ಬಿಯಲ್ಲ, ಅದರ ಮೈ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ.

ಈಗ ಒಳಗೋ ಹೊರಗೋ ಎಂಬ ಪ್ರಶ್ನೆ. ಆಮೆಗೂ ಲಕ್ಷ್ಮಿಗೂ ಸಂಬಂಧ ಕಲ್ಪಿಸಿದ್ದು ಸಮುದ್ರಮಥನದಿಂದ. ಮಂದರ ಪರ್ವತ ಮುಳುಗಿದಾಗ ಶ್ರೀಹರಿ ಕೂರ್ಮನಾಗಿ ಕೆಳಗಿಳಿದು ಬೆನ್ನು ಕೊಟ್ಟ, ಆಮೇಲೆ ಲಕ್ಷ್ಮಿ ಮೇಲೆ ಬಂದಳು. ಅಲ್ಲಿ ಕೂರ್ಮನನ್ನು ಯಾರೂ ಹಿಡಿದು ತಂದದ್ದಲ್ಲ, ತಾನಾಗಿ ಬಂದು ಯಾರ ಕಣ್ಣಿಗೂ ಬೀಳದೆ ಅಡಿಯಲ್ಲಿ ನಿಂತು ಭಾರ ಹೊತ್ತವನು. ನಮ್ಮ ಪೂಜಾಕ್ರಮದಲ್ಲೂ ಅವನ ಸ್ಥಾನ ಅಡಿಯಲ್ಲೇ. ಸಂಧ್ಯಾವಂದನೆಗೋ ಜಪಕ್ಕೋ ಕೂರುವಾಗ ಹೇಳುವ ಆಸನಮಂತ್ರಕ್ಕೆ ಋಷಿ ಮೇರುಪೃಷ್ಠ, ದೇವತೆ ಕೂರ್ಮ. ದಿನಾ ಹೇಳುತ್ತೇವೆ, ಅರ್ಥ ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ, ಇರಲಿ. ಪೀಠಪೂಜೆಯಲ್ಲಿ ಆಧಾರಶಕ್ತಿಯ ನಂತರ ಕೂರ್ಮ, ಅನಂತ, ಪೃಥ್ವಿ ಎಂದು ಕ್ರಮವಾಗಿ ಅರ್ಚಿಸುತ್ತೇವೆ. ದೇವಸ್ಥಾನದ ಪ್ರತಿಷ್ಠೆಯಲ್ಲಿ ವಿಗ್ರಹದ ಪೀಠದ ಕೆಳಗೆ ಕೂರ್ಮಶಿಲೆ ಇಡುತ್ತಾರೆ. ಅನೇಕ ಶಿವಾಲಯಗಳಲ್ಲಿ ನೆಲಹಾಸಿನ ಕಲ್ಲಿನಲ್ಲೇ ಆಮೆ ಕೆತ್ತಿರುವುದನ್ನು ನೀವೂ ನೋಡಿರುತ್ತೀರಿ. ಅಂದರೆ ನೀವು ಮಣೆಯ ಮೇಲೆ ಕೂತು ಆಸನಮಂತ್ರ ಹೇಳಿದ ಕ್ಷಣಕ್ಕೇ ಕೂರ್ಮಪೂಜೆ ಆಯಿತು. ಅದಕ್ಕೆ ಪರಾತದಲ್ಲಿ ಒಂದು ಜೀವ ಒದ್ದಾಡಬೇಕಾಗಿಲ್ಲ.

ವೈದಿಕ ಯಜ್ಞದಲ್ಲಿ ಆಮೆ ಇತ್ತಲ್ಲ ಎಂದು ತಿಳಿದವರು ಕೇಳಬಹುದು. ಇತ್ತು. ಅಗ್ನಿಚಯನದಲ್ಲಿ ಕೂರ್ಮವನ್ನು ಇಡುವ ವಿಧಿಯನ್ನು ಶತಪಥ ಬ್ರಾಹ್ಮಣ ಹೇಳುತ್ತದೆ, ಅದರ ಕೆಳಚಿಪ್ಪು ಭೂಮಿ, ಮೇಲ್ಚಿಪ್ಪು ಆಕಾಶ ಎಂದು ವಿವರಿಸುತ್ತದೆ. ಆದರೆ ಅದು ಮಹಾಯಾಗದ ಮಾತು. ಗೃಹಸ್ಥನ ನಿತ್ಯಪೂಜೆಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ಅದನ್ನು ಎಳೆದು ತರಲು ಬರುವುದಿಲ್ಲ.

ಜೀವಂತ ಪ್ರಾಣಿಯನ್ನು ಪೂಜ್ಯವೆಂದು ಕಾಣುವ ನಮ್ಮ ಕಡೆಯ ಕ್ರಮ ಬೇಕಿದ್ದರೆ ತುಂಗೆಯನ್ನೇ ನೋಡಿ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನುಗಳಿವೆ. ಭಕ್ತರು ದಡದಲ್ಲಿ ನಿಂತು ಕೈಮುಗಿಯುತ್ತಾರೆ. ಒಂದನ್ನು ಹಿಡಿದು ಮನೆಗೆ ತಂದು ದೇವರ ಪಕ್ಕ ಇಡೋಣ ಅಂತ ಯಾರಾದರೂ ಅಂದರೆ ಊರೇ ಬೈದೀತು. ಅತ್ತ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮಂ ಕ್ಷೇತ್ರದಲ್ಲೂ ನಕ್ಷತ್ರ ಆಮೆಗಳಿವೆ. ಅವು ಕ್ಷೇತ್ರಕ್ಕೆ ಸೇರಿದವು, ಒಬ್ಬರ ಮನೆಗೆ ಸೇರಿದವಲ್ಲ.

ಆದ್ದರಿಂದ ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ: ಒಳಗೂ ಬೇಡ, ಹೊರಗೂ ಬೇಡ. ಅದು ನಿಮ್ಮ ಮನೆಯಲ್ಲಿರುವುದೇ ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಒಂದನೇ ಅನುಸೂಚಿಯಲ್ಲಿದೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಶಿಕ್ಷೆ 3ರಿಂದ 7 ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ದುಡ್ಡು ಕೊಟ್ಟು ತಂದೆವು, ಪೂಜೆಗೆ ತಂದೆವು ಅಂದರೆ ಬಿಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ವಿಷಯ ಟಿವಿಯಲ್ಲಿ ಎಷ್ಟು ದಿನ ಓಡಿತು, ನೆನಪಿದೆಯಲ್ಲ.

ಹೆದರಿ ರಾತ್ರೋರಾತ್ರಿ ಎಲ್ಲಾದರೂ ಬಿಟ್ಟು ಬರಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ತಾವಾಗಿ ತಿಳಿಸುವುದಕ್ಕೂ ಯಾರೋ ದೂರು ಕೊಟ್ಟ ಮೇಲೆ ಸಿಕ್ಕಿಬೀಳುವುದಕ್ಕೂ ಬಹಳ ವ್ಯತ್ಯಾಸ. ಅಳುಕಿದ್ದರೆ ಪರಿಚಯದ ವಕೀಲರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಕೊಡಿಸಿದವರ ಮುಲಾಜು ನೋಡಬೇಡಿ, ಕೇಸಾದರೆ ಅವರು ಬರುವುದಿಲ್ಲ.

ಕೊಟ್ಟುಬಿಟ್ಟರೆ ದೋಷವೇ ಎಂದರೆ, ಇಲ್ಲ. ಪ್ರಾಣಪ್ರತಿಷ್ಠೆ ಮಾಡಿದ ಮೂರ್ತಿಯಾಗಿದ್ದರೆ ಉದ್ವಾಸನೆ, ವಿಸರ್ಜನೆಯ ಮಾತು ಬರುತ್ತದೆ. ಇದಕ್ಕೆ ಪ್ರಾಣ ಕೊಟ್ಟವರು ನಾವಲ್ಲ. ಮನಸ್ಸಿನ ಸಮಾಧಾನಕ್ಕೆ ಅಂದು ಬೆಳಗ್ಗೆ ದೇವರಿಗೆ ತುಳಸಿ ಏರಿಸಿ, 'ಓಂ ಕೂರ್ಮಾಯ ನಮಃ' ಎಂದು 108 ಸಲ ಜಪ ಮಾಡಿ, ಪಾಯಸ ನೈವೇದ್ಯ ಮಾಡಿ. ಕೂರ್ಮಜಯಂತಿ ವೈಶಾಖ ಹುಣ್ಣಿಮೆಗೆ ಬರುತ್ತದೆ, ಅಲ್ಲಿವರೆಗೆ ಕಾಯೋಣ ಅಂದುಕೊಳ್ಳಬೇಡಿ. ಮುಹೂರ್ತವೂ ಬೇಡ, ರಾಹುಕಾಲವೂ ನೋಡಬೇಡಿ. ಅತ್ತೆಯವರಿಗೂ ಹೇಳಿ: ದೇವರ ಕೋಣೆಯಲ್ಲಿ ಮಲಮೂತ್ರ ಆಗಬಾರದೆಂಬ ಅವರ ಮಾತು ಸರಿ, ಆದರೆ ಮೈಲಿಗೆ ಆಮೆಯಿಂದ ಬಂದದ್ದಲ್ಲ. ನೆಲ ತೊಳೆದು ಪುಣ್ಯಾಹದ ನೀರು ಪ್ರೋಕ್ಷಿಸಿದರೆ ಆಯಿತು.

ಭದ್ರಾವತಿಯವರೇ, ನಿಮ್ಮದು ಬೇರೆ ಆಮೆ. ಕೆಂಪು ಪಟ್ಟೆಯದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಕಡೆಯದು, ನಮ್ಮ ನಾಡಿನದಲ್ಲ. ಕೂಡ್ಲಿಗೆ ಮಾತ್ರ ಒಯ್ಯಬೇಡಿ. ಜಗತ್ತಿನ ನೂರು ಅತಿ ಉಪದ್ರವಿ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹೊಳೆಗೆ ಬಿದ್ದರೆ ನಮ್ಮ ನಾಡಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಬಂಡೆಗೂ ಪಾಲುದಾರನಾಗುತ್ತದೆ, ರೋಗವನ್ನೂ ದಾಟಿಸುತ್ತದೆ. ತುಂಗೆ ಭದ್ರೆ ಸೇರುವ ಜಾಗದಲ್ಲಿ ಒಂದು ಜೀವಕ್ಕೆ ಮೋಕ್ಷ ಕೊಡಲು ಹೋಗಿ ಅಲ್ಲಿಯ ಜೀವಗಳ ಅನ್ನ ಕಿತ್ತುಕೊಂಡಂತೆ. ಮನೆ ಬಾವಿಗೂ ಬಿಡಬೇಡಿ. ಹಿಂದೆ ಬಾವಿಗೆ ಆಮೆ ಬಿಡುತ್ತಿದ್ದರು, ನಿಜ. ಅದು ಊರ ಕೆರೆಯ ಆಮೆ. ಈಗ ಅದನ್ನು ಹಿಡಿಯುವುದೂ ತಪ್ಪು.

ತಂದಾಗಿದೆ, ಇನ್ನು ಸಾಕುವುದು ನಿಮ್ಮ ಜವಾಬ್ದಾರಿ. ಇದು 20–30 ವರ್ಷ ಬದುಕುತ್ತದೆ, ನಿಮ್ಮ ಮಗ ಓದಿ, ಕೆಲಸಕ್ಕೆ ಸೇರಿ, ಮದುವೆಯಾಗುವ ತನಕ. ಇದಕ್ಕೆ ಹೊರಗೇ ಉತ್ತಮ: ಹಿತ್ತಲಲ್ಲೋ ತಾರಸಿಯಲ್ಲೋ ದೊಡ್ಡ ತೊಟ್ಟಿ, ಹತ್ತಿ ಕೂರಲು ಒಣ ಕಲ್ಲು, ಅರ್ಧ ಭಾಗಕ್ಕೆ ನೆರಳು, ಬೆಕ್ಕು ನಾಯಿ ಬಾರದಂತೆ ಮೇಲೆ ಜಾಲರಿ. ಬಿಸಿಲೇ ಬೀಳದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೆಲ್ಲಿ? ಆಗ ಒಳಗಿಟ್ಟು, ಆಮೆಗೆಂದೇ ಸಿಗುವ ಅತಿನೇರಳೆ ದೀಪ ಹಾಕಿ. ಒಳಗೆ ಎಂದರೆ ಅಡುಗೆಮನೆಯೂ ಅಲ್ಲ, ದೇವರ ಕೋಣೆಯೂ ಅಲ್ಲ. ಇದರ ಆಹಾರದಲ್ಲಿ ಒಣ ಸಿಗಡಿ ಇರುತ್ತದೆ, ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಈ ಕಾರಣಕ್ಕೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧ. ಮುಟ್ಟಿದ ಮೇಲೆ ಮಗನ ಕೈ ಸೋಪು ಹಾಕಿ ತೊಳೆಸಿ, ಆಮೇಲೆ ಊಟ, ಆಮೇಲೆ ಪೂಜೆ.

ಹಿತ್ತಾಳೆ ಆಮೆ ಧಾರಾಳವಾಗಿ ಇಡಿ. ನೀರಿನ ತಟ್ಟೆಯಲ್ಲಿ ಉತ್ತರಕ್ಕೆ ಇಡುವ ರೂಢಿ ಬಂದದ್ದು ಚೀನಾದ ಫೆಂಗ್ ಶೂಯಿಯಿಂದ, ಅವರಲ್ಲಿ ಉತ್ತರ ದಿಕ್ಕಿನ ಕಾವಲಿಗೆ ಕಪ್ಪು ಆಮೆ. ನಮ್ಮಲ್ಲಿ ಉತ್ತರ ಕುಬೇರನದು, ಹಾಗಾಗಿ ಇಟ್ಟರೆ ವಿರೋಧವೇನಿಲ್ಲ. ಕೂರ್ಮಾವತಾರವೆಂಬ ಭಾವನೆಯಿಂದ ಪೂಜಿಸುವುದಾದರೆ ದೇವರ ಪೀಠದಲ್ಲಿ, ಉಳಿದ ಮೂರ್ತಿಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿಡಿ. ತಟ್ಟೆಯ ನೀರನ್ನು ದಿನಾ ಬದಲಿಸಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಹಳೆಯ ನೀರು ತುಳಸಿಗೆ ಬೇಡ, ಬೇರೆ ಹೂಗಿಡಕ್ಕೆ ಹಾಕಿ.