ಫೈಲ್ ಆಮೇಲೆ ತೆರೆಯಿರಿ

ಎಂ.ಡಿ. ಜನರಲ್ ಮೆಡಿಸಿನ್ ಪ್ರಾಕ್ಟಿಕಲ್ ಹತ್ತಿರ ಬಂತೆಂದು ರಾತ್ರಿಯೆಲ್ಲ ಹ್ಯಾರಿಸನ್ ಓದುತ್ತಿದ್ದೀರಿ. ಓದಿ, ಬೇಡ ಎನ್ನುವುದಿಲ್ಲ. ಆದರೆ ಮಕ್ಕಳೇ, ವಾರ್ಡಿನಲ್ಲಿ ಅಭ್ಯಾಸಕ್ಕೆ ಕೇಸ್ ತೆಗೆದುಕೊಳ್ಳುವಾಗ ಮೊದಲು ಫೈಲ್ ನೋಡುವ ಚಾಳಿಯನ್ನು ಇವತ್ತೇ ಬಿಟ್ಟುಬಿಡಿ. ಎಕೋ ವರದಿ ಓದಿಕೊಂಡು ಹೋದವರಿಗೆ ಇಲ್ಲದ ಮರ್ಮರ್ ಕೂಡ ಕೇಳಿಸುತ್ತದೆ. ಪರೀಕ್ಷೆಯ ದಿನ ವರದಿ ಕೈಗೆ ಸಿಗುವುದಿಲ್ಲ. ರೋಗಿ ಇರುತ್ತಾರೆ, ನೀವಿರುತ್ತೀರಿ, ಅಷ್ಟೆ.

ಎರಡೂ ಕಾಲು ಸೆಟೆದು ನಡೆಯಲಾಗದ ರೈತರೊಬ್ಬರು ನಿಮ್ಮ ಲಾಂಗ್ ಕೇಸ್ ಎಂದಿಟ್ಟುಕೊಳ್ಳಿ. ರೋಗದ ಹೆಸರಿಗೆ ಅವಸರಪಡಬೇಡಿ. ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸ್ನಾಯು ಬಿಗಿದಿದೆ, ರಿಫ್ಲೆಕ್ಸ್ ಚುರುಕಾಗಿದೆ, ಪಾದದ ಹೆಬ್ಬೆರಳು ಮೇಲಕ್ಕೇಳುತ್ತದೆ, ಎದೆಯ ಒಂದು ಮಟ್ಟದಿಂದ ಕೆಳಗೆ ಸ್ಪರ್ಶ ತಿಳಿಯದು, ಹಾಗಾದರೆ ಬೆನ್ನುಹುರಿ. ಕಾರಣದ ವಿಚಾರ ಆಮೇಲೆ. ಬೆನ್ನೆಲುಬಿನ ಕ್ಷಯವೇ, ಗೆಡ್ಡೆಯೇ, ಬಿ12 ಕೊರತೆಯೇ? ಇಲ್ಲಿ ಊರು ಕೇಳಬೇಕು, ಕುಡಿಯುವ ನೀರು ಕೇಳಬೇಕು. ಪಾವಗಡದ ಕಡೆಯವರು, ಹುಟ್ಟಿದಾಗಿನಿಂದ ಅಲ್ಲೇ ಇದ್ದವರು, ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದವರು, ಕತ್ತು ಬೆನ್ನು ಬಾಗದವರು ಎಂದಾದರೆ ಬಾಯಿ ತೆರೆಸಿ ಹಲ್ಲು ನೋಡಿ. ಕಂದು ಕಲೆ ಕಂಡರೆ ಮೂಳೆಯ ಫ್ಲೋರೋಸಿಸ್ ನಿಮ್ಮ ಪಟ್ಟಿಯ ಮೇಲಕ್ಕೆ ಬರಬೇಕು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಒಣನಾಡಿನ ಎಷ್ಟೋ ಬಾವಿಗಳು ಅದನ್ನು ಮೀರಿವೆ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಲ್ಲಿ ಹಲ್ಲಿನ ಕಲೆ ಇರುವುದಿಲ್ಲ. ಏಕೆಂದರೆ ಕಲೆ ಕೂರುವುದು ಹಲ್ಲು ಬೆಳೆಯುವ ವಯಸ್ಸಿನಲ್ಲಿ. ಪರೀಕ್ಷಕರು ಕೇಳುವುದೇ ಇಂಥದ್ದನ್ನು.

ಹೃದಯದ ಕೇಸಿನಲ್ಲಿ ನಾಡಿಗೆ ಪೂರ್ತಿ ಒಂದು ನಿಮಿಷ ಕೊಡಿ. ಮೈಟ್ರಲ್ ಸ್ಟೆನೋಸಿಸ್ ಅನುಮಾನವಿದ್ದರೆ ಎಡಮಗ್ಗುಲಿಗೆ ಹೊರಳಿಸಿ, ಉಸಿರು ಬಿಡಲು ಹೇಳಿ, ಸ್ಟೆತಾಸ್ಕೋಪಿನ ಬೆಲ್ ಅನ್ನು ಏಪೆಕ್ಸ್ ಮೇಲೆ ಹಗುರವಾಗಿ ಇಡಿ. ಒತ್ತಿದರೆ ಆ ತಗ್ಗಿದ ಸದ್ದು ಹೋಗಿಬಿಡುತ್ತದೆ.

ಪುಸ್ತಕದ ಕೇಸುಗಳಿಗೂ ಇದೇ ಕ್ರಮ. ಉತ್ತರದ ಪುಟ ತಿರುವುವ ಮೊದಲು ಮೂರು ಸಾಧ್ಯತೆ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಅದಕ್ಕೆ ಹೊಂದದ ಒಂದು ಅಂಶವನ್ನೂ ಬರೆಯಿರಿ. ಈ ಎರಡನೆಯದು ಕಷ್ಟ, ಆದ್ದರಿಂದಲೇ ಹೆಚ್ಚಿನವರು ಬಿಡುತ್ತಾರೆ. ನನ್ನ ಮಟ್ಟಿಗೆ ಕಲಿಕೆ ಶುರುವಾಗುವುದೇ ಅಲ್ಲಿ.

ಇನ್ನು, ಪರೀಕ್ಷೆಗೆ ಬಂದ ರೋಗಿ ಬೆಳಗಿನಿಂದ ಎಷ್ಟೋ ಜನರ ಕೈಗೆ ಹೊಟ್ಟೆ ಒಡ್ಡಿರುತ್ತಾರೆ. ‘ಅಜ್ಜಿ, ತಿಂಡಿ ಆಯ್ತಾ? ನೋವಾದರೆ ಹೇಳಿ’ ಎಂದು ಕೇಳಿಯೇ ಮುಟ್ಟಿ. ಪರದೆ ಎಳೆಯಿರಿ, ಮುಗಿದ ಮೇಲೆ ಹೊದಿಕೆ ಸರಿಮಾಡಿ. ಅಂಕಕ್ಕಾಗಿ ಅಲ್ಲ, ಅವರು ಗುಣವಾಗಲೆಂದು ಆಸ್ಪತ್ರೆಗೆ ಬಂದವರು, ನಿಮ್ಮ ಪರೀಕ್ಷೆಗೆ ಒದಗಿದ್ದು ಅವರ ದೊಡ್ಡಗುಣ.

ಸೋಮವಾರ ಏಳಕ್ಕೆ ಮಹಿಳಾ ವಾರ್ಡಿಗೆ ಬನ್ನಿ. ಒಬ್ಬರು ಕೇಸ್ ತೆಗೆದುಕೊಳ್ಳಿ, ಉಳಿದವರು ಪ್ರಶ್ನೆ ಕೇಳಿ. ಫೈಲುಗಳು ನನ್ನ ಬಳಿ ಇರುತ್ತವೆ.